‘ಪಾಸಿಟಿವ್’ ಎಂದರೆ ಒಳ್ಳೆಯದೇ?

ಕಳೆದ ತಿಂಗಳು ಹಿರಿಯರೊಬ್ಬರು ಕಫ ಪರೀಕ್ಷೆಯ ವರದಿ ಹಿಡಿದು ನಗುನಗುತ್ತಾ ಬಂದರು. ‘ಪಾಸಿಟಿವ್ ಅಂತ ಬಂದಿದೆ ಡಾಕ್ಟ್ರೇ, ಇನ್ನೇನೂ ಭಯವಿಲ್ಲ ಅಲ್ವೇ?’ ಎಂದರು. ಅವರ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತ್ತು. ವರದಿ ಬಂದು ಹತ್ತು ದಿನ ಕಳೆದಿತ್ತು. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಳು.

ಮಾತಿನಲ್ಲಿ ‘ಪಾಸಿಟಿವ್’ ಎಂದರೆ ಒಳ್ಳೆಯದು. ಪ್ರಯೋಗಾಲಯದಲ್ಲಿ ಅದರ ಅರ್ಥ ‘ಹುಡುಕಿದ್ದು ಸಿಕ್ಕಿತು’ ಎಂದಷ್ಟೇ. ‘ನೆಗೆಟಿವ್’ ಎಂದರೆ ಸಿಗಲಿಲ್ಲ. ಹುಡುಕಿದ್ದು ರೋಗಾಣುವಾದರೆ ಪಾಸಿಟಿವ್ ಕೆಟ್ಟ ಸುದ್ದಿ. ಮಗುವಿಗಾಗಿ ಕಾದ ದಂಪತಿಗೆ ಗರ್ಭಪರೀಕ್ಷೆ ಪಾಸಿಟಿವ್ ಬಂದರೆ ಸಿಹಿ ಸುದ್ದಿ.

ನೆಗೆಟಿವ್ ಬಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಮಲೇರಿಯಾ ರೋಗಾಣು ಒಂದು ಹನಿ ರಕ್ತದಲ್ಲಿ ಕಾಣದೇ ಇರಬಹುದು. ಜ್ವರ ಬಿಡದಿದ್ದರೆ ಮತ್ತೆ ಪರೀಕ್ಷೆ ಮಾಡಿಸಬೇಕು. ಎಚ್‌ಐವಿ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲೂ ಪರೀಕ್ಷೆ ನೆಗೆಟಿವ್ ಬರಬಹುದು.

ರಕ್ತದ ಗುಂಪಿನ ‘ನೆಗೆಟಿವ್’ ಮಾತ್ರ ಕಾಯಿಲೆಯಲ್ಲ, ಹುಟ್ಟುಗುಣ. ಕೆಂಪು ರಕ್ತಕಣಗಳ ಮೇಲೆ ಆರ್‌ಎಚ್ ಅಂಶವಿಲ್ಲ ಎಂದರ್ಥ. ಆದರೆ ಇಂಥ ತಾಯಿಗೆ ಆರ್‌ಎಚ್ ಪಾಸಿಟಿವ್ ಮಗು ಹುಟ್ಟಿದರೆ ಸಾಮಾನ್ಯವಾಗಿ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡಿಸಬೇಕು. ತಪ್ಪಿದರೆ ಮುಂದಿನ ಮಗುವಿಗೆ ಅಪಾಯವಾದೀತು.

ಆದ್ದರಿಂದ ವರದಿಯನ್ನು ನೀವೇ ಓದಿ ಮಡಚಿಡಬೇಡಿ. ಕೈಗೆ ಬಂದ ದಿನವೇ ವೈದ್ಯರಿಗೆ ತೋರಿಸಿ, ‘ಏನನ್ನು ಹುಡುಕಿದಿರಿ, ಸಿಕ್ಕಿತೇ?’ ಎಂದು ಕೇಳಿ. ಆ ಹಿರಿಯರಿಗೆ ಚಿಕಿತ್ಸೆ ಆರಂಭವಾಗಿದೆ. ಮೊಮ್ಮಗಳನ್ನೂ ಪರೀಕ್ಷೆಗೆ ಕರೆಸಿಕೊಂಡಿದ್ದೇವೆ.