ಬೇಸಿಸ್: 100 ಕಿಲೋಮೋಲ್

ಕೆಮಿಕಲ್ ಎಂಜಿನಿಯರಿಂಗಿಗೆ ಸೇರಿದವರನ್ನು ಮೊದಲು ಹೆದರಿಸುವುದು ಆಸಿಡ್ ಅಲ್ಲ, ಪೆರ್ರಿಯ ಹ್ಯಾಂಡ್‌ಬುಕ್. 1934ರಲ್ಲಿ ಮೊದಲ ಆವೃತ್ತಿ ಕಂಡ ಈ ಗ್ರಂಥ ಈಗ 2,000 ಪುಟ ದಾಟಿದೆ. ದಿನಕ್ಕೊಂದು ಪುಟ ಓದಿದರೂ ಮುಗಿಯಲು ಐದೂವರೆ ವರ್ಷ ಬೇಕು. ಬಿ.ಇ. ಇರುವುದೇ 4 ವರ್ಷ!

ಆಮೇಲೆ ಮೂಡಿ ಚಾರ್ಟ್. ಕೊಳವೆಯಲ್ಲಿ ಹರಿಯುವ ದ್ರವದ ಘರ್ಷಣೆ ತಿಳಿಸುವ 1944ರ ನಕ್ಷೆ. ನೋಡಲು ಒಂದೇ ಹಾಳೆ. ಆದರೆ ಅದರ ಅಡಿಯಲ್ಲಿರುವ ರೆನಾಲ್ಡ್ಸ್ ಸಂಖ್ಯೆ ಸಾವಿರದ ಆಸುಪಾಸಿನಲ್ಲಿ ಹೊರಟು 10 ಕೋಟಿಗೆ ಹೋಗಿ ನಿಲ್ಲುತ್ತದೆ. ಲಾಗ್ ಅಳತೆ ಬಿಟ್ಟು, ಸಾವಿರಕ್ಕೊಂದು ಸೆಂಟಿಮೀಟರ್ ಲೆಕ್ಕದಲ್ಲಿ ಎಳೆದಿದ್ದರೆ ಆ ಹಾಳೆ 1 ಕಿಲೋಮೀಟರ್ ಉದ್ದವಾಗುತ್ತಿತ್ತು. ಪರೀಕ್ಷೆಯಲ್ಲಿ ಲಾಗ್ ಅಳತೆಯ ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುವಾಗ, ಬಲತುದಿಯಲ್ಲಿ ಪೆನ್ಸಿಲ್ ಒಂದು ಮಿಲಿಮೀಟರ್ ಜಾರಿದರೂ ಸಂಖ್ಯೆ ಲಕ್ಷಗಟ್ಟಲೆ ಜಿಗಿಯುತ್ತದೆ.

ಲ್ಯಾಬಿನಲ್ಲಿ ಒಂದು ಗ್ರಾಂ ಸಕ್ರಿಯ ಇದ್ದಿಲು ತೂಗಿ ಅಂಗೈಗೆ ಹಾಕಿಕೊಳ್ಳಿ. ಒಂದು ಚಿಟಿಕೆ, ಅಷ್ಟೇ. ಅದರ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಹತ್ತಿರ ಹತ್ತಿರ 10 ಗುಂಟೆ. ನಾಲ್ಕು ಗ್ರಾಂ ಇದ್ದರೆ ಒಂದು ಎಕರೆ! ನೋಂದಣಿ ಶುಲ್ಕವೂ ಇಲ್ಲ.

ಡಿಸ್ಟಿಲೇಶನ್ ಪಾಠವೆಂದರೆ ಗ್ರಾಫ್ ಹಾಳೆಯ ಮೇಲೆ ಮೆಟ್ಟಿಲು ಬಿಡಿಸಿ ಎಣಿಸುವುದು. 1925ರಲ್ಲಿ ಮೆಕೇಬ್ ಮತ್ತು ಥೀಲ್ ಕೊಟ್ಟ ವಿದ್ಯೆ. ಹಾಳೆಯ ಮೇಲೆ ಅಂಗೈಯಗಲದಲ್ಲಿ ಮುಗಿಯುವ ಆ ಮೆಟ್ಟಿಲುಸಾಲು ಕಾರ್ಖಾನೆಯಲ್ಲಿ ಗೋಪುರವಾಗಿ ಏಳುತ್ತದೆ. ನೈಜೀರಿಯಾದ ಡಾಂಗೋಟೆ ರಿಫೈನರಿಯ ಕಚ್ಚಾತೈಲ ಗೋಪುರ 112 ಮೀಟರ್. ವಿಜಯಪುರದ 51 ಮೀಟರ್ ಗೋಳಗುಮ್ಮಟವನ್ನು ಒಂದರ ಮೇಲೊಂದು ಎರಡು ಪೇರಿಸಿದರೂ ಗೋಪುರ ಇನ್ನೂ 10 ಮೀಟರ್ ಮೇಲಿರುತ್ತದೆ.

ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಓದುವವರು ಅಷ್ಟು ದೂರ ಹೋಗಬೇಕಿಲ್ಲ. ಕೆಲವೇ ಕಿಲೋಮೀಟರ್ ಆಚೆ ಎಂಆರ್‌ಪಿಎಲ್ ಇದೆ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಅರಗಿಸಿಕೊಳ್ಳುವ ಹೊಟ್ಟೆ ಅದರದು; ದಿನಕ್ಕೆ 41,000 ಟನ್. ಆನೆಗೆ 4 ಟನ್ ಹಿಡಿದರೆ ದಿನಕ್ಕೆ 10,000 ಆನೆ! 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿರುವುದು 6,395 ಆನೆ. ನಡುರಾತ್ರಿ ಶುರು ಮಾಡಿದರೆ ಮಧ್ಯಾಹ್ನ ಮೂರಕ್ಕೆ ರಾಜ್ಯದ ಆನೆಯೆಲ್ಲ ಖಾಲಿ.

ಇಡೀ ಜಗತ್ತಿಗೆ ಬೇಕಾದ ತೈಲ ದಿನಕ್ಕೆ ಸುಮಾರು 10 ಕೋಟಿ ಬ್ಯಾರಲ್. ಕನ್ನಂಬಾಡಿ ಕಟ್ಟೆಗೆ ಸುರಿದರೆ ಮೂರೇ ತಿಂಗಳಿಗೆ 49 ಟಿಎಂಸಿ ಭರ್ತಿ. ಮುಂಗಾರಿನ ಹಂಗೇ ಇಲ್ಲ.

ಇವೆಲ್ಲವನ್ನೂ ಮೀರಿಸುವ ಸಂಖ್ಯೆ ಇರುವುದು ಉತ್ತರಪತ್ರಿಕೆಯಲ್ಲಿ. ಮೆಟೀರಿಯಲ್ ಬ್ಯಾಲೆನ್ಸ್ ಲೆಕ್ಕದ ಮೊದಲ ಸಾಲು ಸಾಮಾನ್ಯವಾಗಿ ‘ಬೇಸಿಸ್: 100 ಕಿಲೋಮೋಲ್’, ಅಂದರೆ ಲೆಕ್ಕಕ್ಕೆ ಆಧಾರವಾಗಿ ಹಿಡಿದ ಪ್ರಮಾಣ. ಒಂದು ಮೋಲ್ ನೀರೆಂದರೆ 18 ಗ್ರಾಂ, ಒಂದು ಗುಟುಕು. ಅದರಲ್ಲಿರುವ ಅಣುಗಳನ್ನು ಬರೆಯಲು 6ರ ಮುಂದೆ 23 ಸೊನ್ನೆ ಬೇಕು. ಭೂಮಿಯ 800 ಕೋಟಿ ಜನರೂ ಊಟ, ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸಿದರೆ 24 ಲಕ್ಷ ವರ್ಷ. 100 ಕಿಲೋಮೋಲ್ ಎಂದರೆ ಅಂಥ 1 ಲಕ್ಷ ಗುಟುಕು. ಎಣಿಕೆ ಮುಗಿಯಲು 24,000 ಕೋಟಿ ವರ್ಷ. ವಿಶ್ವಕ್ಕೆ ಈಗ ಆಗಿರುವ ವಯಸ್ಸು 1,380 ಕೋಟಿ. ಅದರ 17 ಪಟ್ಟು! ವಿದ್ಯಾರ್ಥಿಗಳು ಆ ಮೊದಲ ಸಾಲನ್ನು ಮೂರು ಸೆಕೆಂಡಿನಲ್ಲಿ ಗೀಚಿ ಮುಂದಿನ ಸಾಲಿಗೆ ಹೋಗುತ್ತಾರೆ. ಬರೆಯಲು ಮರೆತರೆ ಅಂಕ ಕಡಿತ.