ಟ್ರಂಕು ಹೊತ್ತು ಬಂದ ಹೊಸಬರು

ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನಲ್ಲಿ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಮಾರುವವರನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಕಳೆದ ವರ್ಷ ಅಲ್ಲಿ ಕಾಸ್ಟ್ ಅಕೌಂಟಿಂಗ್ ಪುಸ್ತಕ ಹುಡುಕಲು ಹೋದವನು ಅದರ ಜೊತೆಗೆ ಇನ್ನೊಂದನ್ನೂ ಎತ್ತಿಕೊಂಡು ಬಂದೆ. ಹೆಸರು 'ಅನ್ನಾ ಆಂಡ್ ದ ಫ್ರೆಂಚ್ ಕಿಸ್'. ಇಂಥ ಹೆಸರಿನ ಪುಸ್ತಕವನ್ನು ಮಾವನ ಮನೆಯಲ್ಲಿ ಎಲ್ಲರೆದುರು ಹಿಡಿದು ಕೂರುವುದು ಹೇಗೆ? ಡೊಂಬಿವಲಿ ಲೋಕಲಿನಲ್ಲಿ, ಕಾಸ್ಟ್ ಅಕೌಂಟಿಂಗಿನ ರಟ್ಟು ಸುತ್ತಿಕೊಂಡು ಓದಿದೆ. ಪಕ್ಕದಲ್ಲಿ ನೇತಾಡುತ್ತಿದ್ದ ಹಿರಿಯರೊಬ್ಬರು ಸಿ.ಎ. ಮಾಡುತ್ತಿದ್ದೀಯಾ ಎಂದು ವಿಚಾರಿಸಿದರು. ಹೌದು ಅಂದೆ.

ಸಂಗತಿ ಇಷ್ಟು. ಅನ್ನಾ ಎಂಬ ಅಮೆರಿಕದ ಹುಡುಗಿ ಅಟ್ಲಾಂಟಾದವಳು. ಅಪ್ಪ ಹೆಸರಾಂತ ಕಾದಂಬರಿಕಾರ. ಆಕೆಯನ್ನು ಕೇಳದೆ ಕೇಳಿಸದೆ ಶಾಲೆಯ ಕೊನೆಯ ವರ್ಷಕ್ಕೆ ಪ್ಯಾರಿಸ್ಸಿನ ಒಂದು ಬೋರ್ಡಿಂಗ್ ಶಾಲೆಗೆ ಸೇರಿಸಿಬಿಡುತ್ತಾನೆ. ಅವಳಿಗೆ ಫ್ರೆಂಚ್ ಬಾರದು. ಊಟದ ಮನೆಯಲ್ಲಿ ಫ್ರೆಂಚಿನಲ್ಲಿ ಕೇಳಬೇಕಾದೀತಲ್ಲ ಎಂಬ ಹೆದರಿಕೆಗೆ ಬಿಸಿ ಅಡುಗೆಯ ಹತ್ತಿರ ಸುಳಿಯುವುದೇ ಇಲ್ಲ. ಮುಂದೆ ಒಬ್ಬ ಚಂದದ ಹುಡುಗ, ಅವನಿಗೆ ಆಗಲೇ ಒಬ್ಬಳು ಗೆಳತಿ, ಮುನ್ನೂರು ಪುಟ ಗೋಳು, ಕೊನೆಗೆ ಸುಖಾಂತ. ಬರೆದವರು ಸ್ಟೆಫನಿ ಪರ್ಕಿನ್ಸ್, ಬಂದದ್ದು 2010ರಲ್ಲಿ. ದೊಡ್ಡ ಸಾಹಿತ್ಯವೇನಲ್ಲ ಮಾರಾಯ್ರೆ. ಆದರೆ ಆ ಊಟದ ಮನೆಯ ಪುಟ ಓದಿ ನಾನು ಠಾಣೆ ಸ್ಟೇಷನ್ ಬಂದದ್ದೇ ಗೊತ್ತಾಗಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಇಂಥ ಕತೆಗಳಿಗೆ ಒಂದು ವಂಶಾವಳಿಯೇ ಇದೆ. ಇಂಗ್ಲಿಷಿನಲ್ಲಿ ಇದರ ಮೂಲಪುರುಷ ಎಂದು ಸಾಮಾನ್ಯವಾಗಿ ಹೆಸರಿಸುವುದು ಥಾಮಸ್ ಹ್ಯೂಸ್ 1857ರಲ್ಲಿ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್'. ಅದು ರಗ್ಬಿ ಶಾಲೆಯ ಕತೆ. ಹೊಸ ಹುಡುಗ ಬರುತ್ತಾನೆ, ದೊಡ್ಡ ಹುಡುಗನೊಬ್ಬ ಅವನನ್ನು ಹಿಂಸಿಸುತ್ತಾನೆ, ಬೆಂಕಿಯ ಮುಂದೆ ಹಿಡಿದು ಸುಡುವವರೆಗೂ ಹೋಗುತ್ತದೆ. ಕೊನೆಗೆ ಅವನು 'ನಮ್ಮವನು' ಆಗುತ್ತಾನೆ. ಆವತ್ತಿನಿಂದ ಇವತ್ತಿನವರೆಗೆ ಲೆಕ್ಕದ ಪುಸ್ತಕದ ಮೊದಲ ಪುಟ ಇದೇ: ಟ್ರಂಕು, ರೈಲು, ಅಪರಿಚಿತ ಮಂಚ, ಪಕ್ಕದ ಮಂಚದಲ್ಲಿ ಯಾರು ಎಂಬ ಪ್ರಶ್ನೆ.

ಈ ಬೋರ್ಡಿಂಗ್ ಶಾಲೆ ಕತೆಗಾರನಿಗೆ ಅಷ್ಟು ಅನುಕೂಲವಾದದ್ದು ಯಾಕೆ? ಅಪ್ಪ ಅಮ್ಮನನ್ನು ಮೊದಲನೆಯ ಅಧ್ಯಾಯದಲ್ಲೇ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಬಿಟ್ಟುಬಿಡಬಹುದು, ನೋಡಿ. ಇನ್ನು ಮಕ್ಕಳ ಕಷ್ಟ ಮಕ್ಕಳದೇ. ಮನೆಯಲ್ಲಿದ್ದರೆ ಶಾಲೆಯಲ್ಲಿ ಅವಮಾನವಾದ ಸಂಜೆ ಅಮ್ಮ ಕಾಫಿ ಕೊಟ್ಟಾಳು, ಸಮಾಧಾನ ಹೇಳಿಯಾಳು. ಇಲ್ಲಿ ಅವಮಾನ ಮಾಡಿದವರ ಎದುರಿಗೇ ಊಟಕ್ಕೆ ಕೂತು, ಅವರ ಪಕ್ಕದಲ್ಲೇ ಮಲಗಬೇಕು. ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅದಕ್ಕೇ ಇಷ್ಟು ಸಣ್ಣ ಜಗಳವೂ ಅಷ್ಟು ದೊಡ್ಡದಾಗಿ ಕಾಣುತ್ತದೆ. ಟರ್ಮು ಮುಗಿದರೆ ಕತೆಯೂ ಮುಗಿಯಿತು. ಮುಂದಿನ ಟರ್ಮಿಗೆ ಮುಂದಿನ ಪುಸ್ತಕ. ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಉಂಟೆ?

ಈ ಏರ್ಪಾಡನ್ನು ಚೆನ್ನಾಗಿ ಬಳಸಿಕೊಂಡವರು ಎನಿಡ್ ಬ್ಲೈಟನ್. 'ಸೇಂಟ್ ಕ್ಲೇರ್ಸ್' ಸರಣಿ 1941ರಿಂದ 1945, 'ಮಾಲರಿ ಟವರ್ಸ್' 1946ರಿಂದ 1951, ಎರಡರಲ್ಲೂ ಬ್ಲೈಟನ್ ಬರೆದದ್ದು ಆರಾರು ಪುಸ್ತಕ. ಮಾಲರಿ ಟವರ್ಸ್ ಕಾರ್ನ್‌ವಾಲಿನ ಕಡಲ ದಂಡೆಯ ಶಾಲೆ. ನಾಲ್ಕು ಗೋಪುರ, ಕಡಲ ನೀರೇ ತುಂಬಿಕೊಳ್ಳುವ ಈಜುಕೊಳ. ಡ್ಯಾರೆಲ್ ಎಂಬ ನಾಯಕಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಹೆದರುಪುಕ್ಕಲಿ ಹುಡುಗಿಯೊಬ್ಬಳನ್ನು ನೀರಿನಲ್ಲಿ ಮುಳುಗಿಸಿ ಹಿಡಿದ ಗ್ವೆಂಡೊಲಿನ್‌ಗೆ ಮೊದಲ ಪುಸ್ತಕದಲ್ಲೇ ಛಟೀರ್ ಎಂದು ಬಾರಿಸುತ್ತಾಳೆ. ಆರನೆಯ ಪುಸ್ತಕದ ಹೊತ್ತಿಗೆ ಅವಳೇ ಶಾಲೆಯ ಮುಖ್ಯ ವಿದ್ಯಾರ್ಥಿನಿ. ನಡುವೆ ಮಧ್ಯರಾತ್ರಿಯ ಕದ್ದ ಊಟಗಳು, ಫ್ರೆಂಚ್ ಮೇಡಮ್ಮಿಗೆ ಮಾಡುವ ತಮಾಷೆಗಳು. ನಮ್ಮ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಹುಡುಗಿಯರು ಇದನ್ನೆಲ್ಲ ಹತ್ತು ವರ್ಷಕ್ಕೇ ಓದಿ ಮುಗಿಸಿದ್ದಾರೆ. ನಾನು ಓದಿದ್ದು ಹತ್ತೊಂಬತ್ತಕ್ಕೆ. ಕುಂದಾಪುರದ ಹತ್ತಿರದ ನಮ್ಮ ಕನ್ನಡ ಶಾಲೆಯ ಕಪಾಟಿನಲ್ಲಿ ಇವು ಇರಲಿಲ್ಲ. ಇದ್ದಿದ್ದರೂ ಓದಲು ಬರುತ್ತಿರಲಿಲ್ಲ ಬಿಡಿ.

ಒಂದು ವಿಶೇಷ. ಬ್ಲೈಟನ್ನರ ಈ ಶಾಲೆಗಳಲ್ಲಿ ಪ್ರೇಮ ಎಂಬುದಿಲ್ಲ. ಹುಡುಗಿಯರ ಶಾಲೆ, ಓದುವವರು ಪುಟ್ಟ ಮಕ್ಕಳು, ಸರಿಯೇ. ಆದರೆ 1940ರಲ್ಲಿ ಅವರೇ ಬರೆದ 'ದ ನಾಟಿಯೆಸ್ಟ್ ಗರ್ಲ್ ಇನ್ ದ ಸ್ಕೂಲ್' ಪುಸ್ತಕದ ಶಾಲೆಯಲ್ಲಿ ಹುಡುಗರೂ ಇದ್ದಾರೆ. ಆದರೂ ಯಾರ ಎದೆಯೂ ಡವಗುಟ್ಟುವುದಿಲ್ಲ. ಆ ಜಾಗದಲ್ಲಿ ಕೂತಿರುವುದು 'ಆಪ್ತ ಗೆಳತಿ' ಎಂಬ ಸ್ಥಾನ. ಯಾರಿಗೆ ಯಾರು ಆಪ್ತರು, ಯಾರು ಯಾರನ್ನು ಬಿಟ್ಟರು ಎಂಬುದರಲ್ಲೇ ಹೊಟ್ಟೆಕಿಚ್ಚು, ಮುನಿಸು, ರಾಜಿ ಎಲ್ಲವೂ ಬರುತ್ತವೆ. ಮುಂದಿನ ಕಾಲದ ಲೇಖಕರು ಮಾಡಿದ್ದು ಇಷ್ಟೇ ಎಂದು ನನ್ನ ಅನಿಸಿಕೆ: ಆ ಖಾತೆಯನ್ನು ಹಾಗೆಯೇ ಎತ್ತಿ ಹುಡುಗನ ಹೆಸರಿಗೆ ವರ್ಗಾಯಿಸಿದರು. ಅನ್ನಾಳ ಕತೆಯಲ್ಲೂ ಅವನು ನನ್ನ ಪಕ್ಕ ಕೂರುತ್ತಾನೋ ಇಲ್ಲವೋ ಎಂಬುದು ಮುತ್ತಿಗಿಂತ ದೊಡ್ಡ ಚಿಂತೆ.

ಇನ್ನು ಈ ಶಾಲೆಗಳಿಗೆ ನಮ್ಮವರು ಯಾರಾದರೂ ಹೋಗಿದ್ದರೇ? ಹೋಗಿದ್ದರು. 1908ರಿಂದ 1940ರವರೆಗೆ ನಡೆದ 'ದ ಮ್ಯಾಗ್ನೆಟ್' ಎಂಬ ಹುಡುಗರ ವಾರಪತ್ರಿಕೆಯಲ್ಲಿ, ಫ್ರಾಂಕ್ ರಿಚರ್ಡ್ಸ್ ಎಂಬ ಹೆಸರಿನಲ್ಲಿ ಬರುತ್ತಿದ್ದ ಗ್ರೇಫ್ರಯರ್ಸ್ ಶಾಲೆಯ ಕತೆಗಳಲ್ಲಿ, ಹರಿ ಜಾಮ್‌ಸೆಟ್ ರಾಮ್ ಸಿಂಗ್ ಎಂಬ ರಾಜಕುಮಾರನಿದ್ದ. ಈ ಹೆಸರಿನಲ್ಲಿ ಎಷ್ಟು ಜಾತಿ ಸೇರಿವೆ ಎಂದು ನೀವೇ ಎಣಿಸಿಕೊಳ್ಳಿ! ಒಳ್ಳೆಯ ಹುಡುಗ, ನಾಯಕರ ಗುಂಪಿನವನೇ. ಆದರೆ ಅವನ ಇಂಗ್ಲಿಷೇ ಒಂದು ಜೋಕು. ಬಾಯಿ ತೆರೆದರೆ ನಗಬೇಕು. ನಮ್ಮ ಬಿಹಾರದ ಮೋತಿಹಾರಿಯಲ್ಲೇ ಹುಟ್ಟಿದ ಜಾರ್ಜ್ ಆರ್ವೆಲ್ 1940ರಲ್ಲಿ ಈ ಪತ್ರಿಕೆಗಳ ಮೇಲೆ ಒಂದು ಪ್ರಬಂಧ ಬರೆದು, ಅಲ್ಲಿ ಕಾಲ ನಿಂತುಹೋಗಿದೆ, ಪರದೇಶಿಗಳೆಲ್ಲ ನಗೆಪಾಟಲು ಎಂದು ಸರಿಯಾಗಿ ಝಾಡಿಸಿದರು. ರಿಚರ್ಡ್ಸರೂ ಸುಮ್ಮನಿರದೆ ಅದೇ ವರ್ಷ ಉತ್ತರ ಕೊಟ್ಟರು. ನಾನಂತೂ ಆರ್ವೆಲ್ ಪಾರ್ಟಿ. ತಪ್ಪು ಇಂಗ್ಲಿಷಿಗೆ ನಗುವವರ ನಡುವೆ ಕೂತವನಿಗೆ ಆ ಜೋಕು ಅಷ್ಟೊಂದು ರುಚಿಸುವುದಿಲ್ಲ.

ಆಮೇಲೆ ಪಾರ್ವತಿ ಪಾಟೀಲ ಮತ್ತು ಪದ್ಮಾ ಪಾಟೀಲ. ಹ್ಯಾರಿ ಪಾಟರನ ಹಾಗ್ವರ್ಟ್ಸ್ ಕೂಡ, ಮಂತ್ರದಂಡ ಬದಿಗಿಟ್ಟು ನೋಡಿದರೆ, ಹಳೆಯ ಬೋರ್ಡಿಂಗ್ ಶಾಲೆಯೇ: ಟ್ರಂಕು, ರೈಲು, ನಾಲ್ಕು ಮನೆತನ. 2000ದಲ್ಲಿ ಬಂದ ನಾಲ್ಕನೆಯ ಪುಸ್ತಕದಲ್ಲಿ ಒಂದು ನೃತ್ಯಕೂಟವಿದೆ. ಡ್ರ್ಯಾಗನ್ನನ್ನು ಎದುರಿಸಿದ ಹ್ಯಾರಿಗೆ ಒಂದು ಹುಡುಗಿಯನ್ನು ಕರೆಯಲು ಬಾಯಿ ಬರುವುದಿಲ್ಲ. ಕೊನೆಗಳಿಗೆಯಲ್ಲಿ ಅವನೂ ರಾನನೂ ಈ ಅವಳಿ ಹುಡುಗಿಯರ ಜೊತೆ ಹೋಗಿ, ಇಡೀ ಸಂಜೆ ಅವರತ್ತ ತಿರುಗಿಯೂ ನೋಡದೆ ಕೂರುತ್ತಾರೆ. ಬೆಳಗಾವಿ, ವಿಜಯಪುರದ ಕಡೆ ಕಲ್ಲೆಸೆದರೆ ಒಬ್ಬ ಪಾಟೀಲರಿಗೆ ತಾಗುತ್ತದೆ. ಇದನ್ನು ಓದಿದ ಅಲ್ಲಿನವರು ಯಾರೂ ಸಿಟ್ಟಾಗಲಿಲ್ಲವೇ ಎಂದು ನನಗೆ ಕುತೂಹಲ. ಪಾರ್ವತಿ ಮಾತ್ರ ಕಾದು ಕೂರುವವಳಲ್ಲ. ಬೇರೆ ಶಾಲೆಯ ಹುಡುಗ ಕರೆದಾಗ ಎದ್ದು ಕುಣಿಯಲು ಹೋಗೇಬಿಡುತ್ತಾಳೆ. ಆ ಸಾಲಿಗೆ ಲೋಕಲಿನಲ್ಲೇ ಶಭಾಷ್ ಅಂದುಬಿಟ್ಟೆ.

ನಮ್ಮಲ್ಲಿ ಇಂಥ ಕತೆಗೆ ಸಾಮಗ್ರಿ ಇಲ್ಲವೆಂದಲ್ಲ. ನವೋದಯ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯ ನೂರಕ್ಕೆ 30 ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಗೆ, ಅಲ್ಲಿನವರನ್ನು ಇತ್ತ ಕಳಿಸುವ ಪದ್ಧತಿ ಇದೆ. ನನ್ನ ಸೋದರತ್ತೆಯ ಮಗ ಹಾಗೆ ಹೋಗಿ ಬಂದವನು. ಮೊದಲ ತಿಂಗಳು ಅನ್ನಕ್ಕಾಗಿ ಅತ್ತಿದ್ದನಂತೆ. ವಾಪಸು ಬರುವಾಗ ಯಾರದೋ ಕಾಗದವೊಂದು ಅವನ ಟ್ರಂಕಿನ ತಳದಲ್ಲಿತ್ತು. ಯಾರದೆಂದು ಹೇಳ್ತಾ ಇಲ್ಲ. ಹನ್ನೊಂದು ವರ್ಷವಾಯಿತು, ಈಗಲೂ ಹೇಳ್ತಾ ಇಲ್ಲ.

ಊಟದ ಮನೆಯ ಮಾತಿಗೆ ಬರುತ್ತೇನೆ. ಹತ್ತನೆಯದು ಮುಗಿಸಿ ಮುಂಬಯಿಗೆ ಬಂದ ಮೊದಲ ವರ್ಷ ನಾನು ಕಾಲೇಜ್ ಕ್ಯಾಂಟೀನಿಗೆ ಹೋಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಬೇಕೋ, ಹಿಂದಿಯಲ್ಲೋ, ಮರಾಠಿಯಲ್ಲೋ ತಿಳಿಯದು. ಮೂರೂ ನನ್ನ ಬಾಯಲ್ಲಿ ಹರಿ ಸಿಂಗನ ಭಾಷೆಯಾಗುತ್ತಿದ್ದವು. ಹಸಿವಿಲ್ಲ ಎನ್ನುತ್ತಿದ್ದೆ. ಅತ್ತೆ ಕಟ್ಟಿಕೊಟ್ಟ ಡಬ್ಬಿಯನ್ನು ಲೈಬ್ರರಿಯ ಹಿಂದಿನ ಮೆಟ್ಟಿಲಲ್ಲಿ ಒಬ್ಬನೇ ತಿನ್ನುತ್ತಿದ್ದೆ. ಸುಮಾರು ಏಳು ತಿಂಗಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಪ್ಯಾರಿಸ್ಸಿನಲ್ಲಿ, ಕಾದಂಬರಿಕಾರನ ಮಗಳು, ದುಡ್ಡಿದ್ದವಳು, ಅವಳೂ ಹೀಗೇ ಬಿಸಿ ಊಟ ಬಿಟ್ಟು ಓಡಾಡಿದಳು ಎಂದು ಓದಿದಾಗ ಏನನ್ನಿಸಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವಳ ಹೆದರಿಕೆ ಬಿಡಿಸಲು ಚಂದದ ಹುಡುಗನೊಬ್ಬ ಇದ್ದ. ನನ್ನದನ್ನು ಬಿಡಿಸಿದ್ದು ಮಳೆ. ಜುಲೈಯ ಒಂದು ದಿನ ಮೆಟ್ಟಿಲೆಲ್ಲ ನೀರಾಗಿ, ಬೇರೆ ಗತಿಯಿಲ್ಲದೆ ಡಬ್ಬಿ ಹಿಡಿದು ಕ್ಯಾಂಟೀನಿನ ಮೂಲೆಯಲ್ಲಿ ನಿಂತೆ. ಗಲ್ಲಾದಲ್ಲಿದ್ದ ಮುದುಕರು ಒಳಗೆ ಕೂಗಿ ಹೇಳುತ್ತಿದ್ದರು: "ಹೋಯ್, ಆ ಮಾಣಿಗೊಂದು ಚಾ ಕೊಡಿ, ಚಂಡಿಯಾಯ್ದ." ನಮ್ಮ ಪಕ್ಕದೂರಿನವರು! ಏಳು ತಿಂಗಳು ನಾನು ಹೆದರಿದ್ದು ಇವರಿಗೆ.