ಪದಪಟ್ಟಿಯ ವಿಂಗಡಣೆಯಲ್ಲಿ ಕ್ರಮದೋಷ ಮತ್ತು ಹೊಂದಾಣಿಕೆಯ ದೋಷ

ಉಪಭಾಷಾ ಸಮೀಕ್ಷೆಯ ದತ್ತಾಂಶವನ್ನು ಗಣಕದಲ್ಲಿ ವಿಂಗಡಿಸುವಾಗ ಎರಡು ಬಗೆಯ ದೋಷಗಳು ತಲೆದೋರುತ್ತವೆ. ಮೊದಲನೆಯದು ಪದಗಳ ಕ್ರಮವನ್ನು ಕೆಡಿಸುತ್ತದೆ. ಎರಡನೆಯದು ಪದಕ್ಕೂ ಊರಿಗೂ ಇರುವ ಸಂಬಂಧವನ್ನೇ ಕೆಡಿಸುತ್ತದೆ. ಇವೆರಡರ ಕಾರಣ ಮತ್ತು ಪರಿಹಾರಗಳನ್ನು ಇಲ್ಲಿ ವಿವರಿಸುತ್ತೇವೆ.

1. ಕ್ರಮದೋಷ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ತಾಲ್ಲೂಕುಗಳ ಹೆಸರುಗಳನ್ನು ಯೂನಿಕೋಡ್ ಸಂಕೇತಸಂಖ್ಯೆಯ ಪ್ರಕಾರ ವಿಂಗಡಿಸಿದರೆ ಅಕಾರಾದಿ ಕ್ರಮವೇ ದೊರೆಯುತ್ತದೆ. ಇಷ್ಟರಿಂದಲೇ ಕ್ರಮವಿಧಿ ಸರಿಯಿದೆಯೆಂದು ನಿರ್ಣಯಿಸಲಾಗದು. 'ಹಸು', 'ಹಳ್ಳಿ' ಎಂಬ ಪದಗಳನ್ನು ಕೊಟ್ಟರೆ 'ಹಳ್ಳಿ' ಮೊದಲು ಬರುತ್ತದೆ. ಭಾರತೀಯ ಲಿಪಿಗಳಿಗೆಲ್ಲ ಸಮಾನ ವಿನ್ಯಾಸವನ್ನಿಟ್ಟ ಇಸ್ಕಿ ಸಂಕೇತವ್ಯವಸ್ಥೆಯನ್ನು ಯೂನಿಕೋಡ್ ಅನುಸರಿಸಿದ್ದರಿಂದ, ನಮ್ಮ ವರ್ಣಮಾಲೆಯ ಕೊನೆಯಲ್ಲಿರುವ ಳಕಾರಕ್ಕೆ ಲಕಾರದ ಪಕ್ಕದ ಸ್ಥಾನ ದೊರೆತಿದೆ.

ಇನ್ನೊಂದು ಕಾರಣ ಗುಣಿತಚಿಹ್ನೆಗಳದು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎ ಮತ್ತು ಊ ಚಿಹ್ನೆಗಳ ಜೋಡಿಯಾಗಿಯೂ ದಾಖಲಿಸಬಹುದು. ತೆರೆಯ ಮೇಲೆ ಎರಡೂ 'ಕೊಡ' ಎಂದೇ ಕಾಣುತ್ತವೆ. ಆದರೆ ಜೋಡಿಸಂಕೇತದ ರೂಪವು 'ಕೆ', 'ಕೇ' ಎಂದು ಮೊದಲಾಗುವ ಪದಗಳ ನಡುವೆ ಸೇರಿ ಬೇರೆ ಪದವೆನಿಸುತ್ತದೆ. ಆದಕಾರಣ ಮೊದಲು ಸಂಕೇತಗಳನ್ನು ಏಕರೂಪಗೊಳಿಸಿ, ಅನಂತರ ವರ್ಣಮಾಲೆಯಲ್ಲಿನ ಸ್ಥಾನವನ್ನು ಕೀಲಿಯಾಗಿ ಕೊಟ್ಟು ವಿಂಗಡಿಸಬೇಕು.

2. ಹೊಂದಾಣಿಕೆಯ ದೋಷ

ಇದು ಹೆಚ್ಚು ಅಪಾಯಕಾರಿ. ಪದಗಳು ಒಂದು ಸರಣಿಯಲ್ಲಿಯೂ ತಾಲ್ಲೂಕುಗಳು ಇನ್ನೊಂದರಲ್ಲಿಯೂ ಇವೆಯೆಂದು ಭಾವಿಸೋಣ. ಮೇಲಿನ ನಾಲ್ಕು ತಾಲ್ಲೂಕುಗಳಿಗೆ ಅದೇ ಅನುಕ್ರಮದಲ್ಲಿ 'ಹಾಲು, ಆಲು, ಹಾಲು, ಆಲು' ಎಂಬ ಕಲ್ಪಿತ ರೂಪಗಳನ್ನು ಇಟ್ಟುಕೊಳ್ಳೋಣ. ಪದಗಳ ಸರಣಿಯನ್ನಷ್ಟೇ ವಿಂಗಡಿಸಿದರೆ ಅದು 'ಆಲು, ಆಲು, ಹಾಲು, ಹಾಲು' ಆಗುತ್ತದೆ. ತಾಲ್ಲೂಕುಗಳು ಇದ್ದಲ್ಲಿಯೇ ಉಳಿಯುತ್ತವೆ. ಈಗ ಹಕಾರಲೋಪವು ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳಿಗೆ ಸೀಮಿತವಾದಂತೆಯೂ, ಉಳಿದೆರಡರಲ್ಲಿ ಹಕಾರ ಉಳಿದಂತೆಯೂ ತೋರುತ್ತದೆ. ನಕ್ಷೆಯಲ್ಲಿ ಅಚ್ಚುಕಟ್ಟಾದ ಸಮಭಾಷಾರೇಖೆಯೊಂದು ಮೂಡುತ್ತದೆ. ಗಣಕವು ಯಾವ ದೋಷಸೂಚನೆಯನ್ನೂ ನೀಡುವುದಿಲ್ಲ. ಸಮಾನವಾದುವನ್ನು ಒಂದೆಡೆ ಸೇರಿಸುವುದೇ ವಿಂಗಡಣೆಯ ಕಾರ್ಯವಾದ್ದರಿಂದ, ತಪ್ಪು ಫಲಿತವೂ ವ್ಯವಸ್ಥಿತವಾಗಿಯೇ ಕಾಣುತ್ತದೆ.

ಇದಕ್ಕೆ ಪರಿಹಾರವೆಂದರೆ, ವಿಂಗಡಿಸಿದ ಕ್ರಮದ ಸೂಚ್ಯಂಕಗಳನ್ನು ಪಡೆದು, ಅವುಗಳನ್ನೇ ಎಲ್ಲ ಸರಣಿಗಳಿಗೂ ಅನ್ವಯಿಸುವುದು. ಪೈಥಾನ್‌ನ ನಮ್‌ಪೈಯಲ್ಲಿ 'ಆರ್ಗ್‌ಸಾರ್ಟ್', ಆರ್ ಭಾಷೆಯಲ್ಲಿ 'ಆರ್ಡರ್' ಈ ಕೆಲಸವನ್ನು ಮಾಡುತ್ತವೆ. ಕ್ಷೇತ್ರಕಾರ್ಯದ ಹಂತದಲ್ಲಿಯೇ ಪ್ರತಿ ನಮೂದಿಗೂ ಒಂದು ಗುರುತುಸಂಖ್ಯೆಯನ್ನು ಕೊಟ್ಟಿದ್ದರೆ, ವಿಂಗಡಣೆಯ ಬಳಿಕ ಕೆಲವು ನಮೂದುಗಳನ್ನು ಮೂಲ ಟಿಪ್ಪಣಿಪುಸ್ತಕದೊಡನೆ ಹೋಲಿಸಿ ನೋಡಬಹುದು. ಈ ಹೋಲಿಕೆ ಮುಗಿಯುವವರೆಗೆ ರೇಖೆಯನ್ನು ಎಳೆಯಬಾರದೆಂಬುದು ನಮ್ಮ ಅಭಿಪ್ರಾಯ.